ಖಾಲಿ ಡಬ್ಬಿ ಕಳಸಬಾರದು

ಭಾದ್ರಪದದಲ್ಲಿ ಧಾರವಾಡದ ಯಾರ ಮನೆಗೆ ಹೋದರೂ ವಾಪಸ್ ಬರುವಾಗ ನಿಮ್ಮ ಕೈಯಲ್ಲಿ ಒಂದು ಚೀಲ ಇರುತ್ತದೆ. ಬೇಡ ಅಂದರೂ ಇರುತ್ತದೆ. ಚೀಲದ ತಳದಲ್ಲಿ ನಾಲ್ಕು ಹೀರೇಕಾಯಿ, ಮೇಲೆ ಎರಡು ಸವತಿಕಾಯಿ, ಅದರ ಮೇಲೆ ಬಾಡಬಾರದೆಂದು ಒದ್ದೆ ಪೇಪರಿನಲ್ಲಿ ಸುತ್ತಿದ ಸಬ್ಬಸಗಿ ಸೂಡು. "ನಮ್ಮನ್ಯಾಗೂ ಅದ ಐತ್ರಿ" ಅಂತ ಹೇಳಿ ನೋಡಿ. "ಇದು ಬ್ಯಾರೆ ಬೀಜದ್ದು, ತಿಂದ ನೋಡ್ರಿ" ಎಂಬ ಉತ್ತರ ತಯಾರಿರುತ್ತದೆ. ಕೊಡುವವರಿಗೆ ನಿಮ್ಮ ಮೇಲೆ ಪ್ರೀತಿ ಇರುವುದು ನಿಜ. ಆದರೆ ಅದಕ್ಕಿಂತ ದೊಡ್ಡ ನಿಜ ಏನೆಂದರೆ ಅವರ ಅಡುಗೆಮನೆಯ ಕಟ್ಟೆಯ ಮೇಲೆ ಇನ್ನೂ ಹನ್ನೆರಡು ಹೀರೇಕಾಯಿ ಬಿದ್ದಿವೆ.

ಬೆಂಗಳೂರಿನ ನನ್ನ ಟೀಮಿನವರಿಗೆ ಈ ಸಮಸ್ಯೆ ಅರ್ಥ ಮಾಡಿಸಲು ನನಗೆ ಇನ್ನೂ ಆಗಿಲ್ಲ. ಅಲ್ಲಿ ತರಕಾರಿ ಅಂದರೆ ಫೋನಿನಲ್ಲಿ ಒತ್ತಿದರೆ ಹತ್ತು ನಿಮಿಷಕ್ಕೆ ಬರುವ ಕಾಲು ಕಿಲೋ ಪ್ಯಾಕೆಟ್. ತರಿಸಿಕೊಳ್ಳುವುದೇ ಕೆಲಸ. ಇಲ್ಲಿ ಕೆಲಸ ಉಲ್ಟಾ. ಬಂದದ್ದನ್ನು ಹೊರಗೆ ಕಳಿಸುವುದು ಹೇಗೆ ಎಂಬುದೇ ಶ್ರಾವಣದಿಂದ ನವರಾತ್ರಿಯವರೆಗಿನ ನಿತ್ಯದ ಚಿಂತೆ.

ಧಾರವಾಡ ಕೂತಿರುವ ಜಾಗವೇ ಹಾಗಿದೆ. ಪಶ್ಚಿಮಕ್ಕೆ ಅಳ್ನಾವರದ ಕಡೆ ಮಲೆನಾಡು ಶುರುವಾಗುತ್ತದೆ, ಪೂರ್ವಕ್ಕೆ ನವಲಗುಂದದ ಕಡೆ ಎರಿ ಹೊಲಗಳ ಬಯಲು. ನಡುವೆ ನಾವು. ಜೋರು ಮಳೆಯೂ ಅಲ್ಲ, ಬರಗಾಲವೂ ಅಲ್ಲ, ಜಿಟಿಜಿಟಿ ಹಿಡಿದರೆ ವಾರಗಟ್ಟಲೆ ಬಿಡದ ಮಳೆ. ಮೃಗಶಿರಾ ಮಳೆಗೆ ಊರಿದ ಬೀಜ ಆಗಸ್ಟ್ ಹೊತ್ತಿಗೆ ಚಪ್ಪರ ಹತ್ತಿ, ಗೋಡೆ ಹತ್ತಿ, ನಮ್ಮ ಮನೆಯಲ್ಲಿ ಕೇಬಲ್ ವೈರನ್ನೂ ಹತ್ತಿರುತ್ತದೆ. ನಮ್ಮದು ಹಳೇ ಮನೆ. ಹಿಂದೆ ಒಂದು ಗುಂಟೆಗಿಂತ ತುಸು ಹೆಚ್ಚು ಹಿತ್ತಲು. ಬ್ಯಾಂಕಿನಿಂದ ರಿಟೈರ್ ಆದ ಮೇಲೆ ಅಪ್ಪ ಚಪ್ಪರ ಕಟ್ಟಿದ್ದರು. ಅವರು ಹೋದ ಮೇಲೂ ಅವ್ವ ಅದನ್ನು ಬಿಡಲಿಲ್ಲ. ಹೀರಿ, ಸವತಿ, ಹಾಗಲ, ಚವಳಿ, ನಾಲ್ಕು ಮುಳಗಾಯಿ ಗಿಡ, ಒಂದು ಮಡಿ ಮೆಂತೆ, ಒಂದು ಮಡಿ ಸಬ್ಬಸಗಿ, ಬೇಲಿಗುಂಟ ಪುಂಡಿ. ರಾಜಗಿರಿಯನ್ನು ಯಾರೂ ಹಾಕಿದ್ದಲ್ಲ, ಅದು ತಾನೇ ಬರುತ್ತದೆ.

ಹೋದ ವರ್ಷ ಪಂಚಮಿ ಮುಗಿದ ವಾರಕ್ಕೆ ಅವ್ವ ಆ ಹಿತ್ತಲಲ್ಲೇ ಜಾರಿ ಬಿದ್ದಳು. ನಲ್ಲಿಯ ಹತ್ತಿರ ಹಾವಸೆ ಕಟ್ಟಿತ್ತು. ಬೀಳುವಾಗ ಬಲಗೈ ಊರಿದಳು, ಮಣಿಕಟ್ಟಿನ ಎಲುಬು ಮುರಿಯಿತು. ಅರವತ್ತೇಳನೇ ವಯಸ್ಸು. ಎಲುಬಿನ ಡಾಕ್ಟರು ಆರು ವಾರದ ಪ್ಲಾಸ್ಟರ್ ಹಾಕಿದರು. ನಾನು ಮನೆಯಿಂದಲೇ ಕೆಲಸ ಮಾಡುವವನು, ಹೀಗಾಗಿ ಅಡುಗೆಮನೆ ನನ್ನ ಪಾಲಿಗೆ ಬಂತು. ಪುಣೆಯಿಂದ ಅಕ್ಕ ಅವತ್ತೇ ರಾತ್ರಿ ವಿಡಿಯೋ ಕಾಲ್ ಮಾಡಿ ತೀರ್ಪು ಕೊಟ್ಟಳು: "ಸಾಕಿನ್ನ ಅದು. ಹಿತ್ತಲಕ್ಕ ಫರಸಿ ಹಾಕಿಸಿಬಿಡೋಣ. ಗಾಡಿ ಹಚ್ಚಾಕ ಜಾಗಾನೂ ಆಗತದ."

ಅವ್ವ ಬೇಡ ಅನ್ನಲಿಲ್ಲ. "ನೀವ್ ಹೆಂಗಂತೀರಿ ಹಂಗ" ಅಂದಳು. ಇಷ್ಟು ಬೇಗ ಒಪ್ಪಿದ್ದು ನೋಡಿ ನನಗೆ ಅವಳ ಕೈಗಿಂತ ಹೆಚ್ಚು ಚಿಂತೆ ಅದರದ್ದೇ ಆಯಿತು.

ಆದರೆ ಫರಸಿಯ ತೀರ್ಮಾನ ಬಳ್ಳಿಗಳಿಗೆ ಗೊತ್ತಿರಲಿಲ್ಲ. ಎರಡು ದಿನಕ್ಕೊಮ್ಮೆ ಎಂಟು ಹತ್ತು ಹೀರೇಕಾಯಿ, ಆರೇಳು ಸವತಿಕಾಯಿ, ಒಂದು ಮರ ತುಂಬ ತಪ್ಪಲ ಪಲ್ಯ. ಮನೆಯಲ್ಲಿ ತಿನ್ನುವವರು ಇಬ್ಬರು. ಹರಿಯದೆ ಎರಡು ದಿನ ಬಿಟ್ಟರೆ ಏನಾಗುತ್ತದೆ ಅಂತ ಕೇಳಿದೆ. "ಬಳ್ಳಿ ಮುನಸ್ಕೋತದ" ಅಂದಳು ಅವ್ವ. ಅದು ಸರಿಯಾದ ಸಸ್ಯಶಾಸ್ತ್ರ. ಬಳ್ಳಿಗೆ ಬೇಕಾದದ್ದು ಬೀಜ. ಒಂದೆರಡು ಕಾಯಿ ಬಲಿತು ಬೀಜ ಕಟ್ಟಿದರೆ ಅದರ ಶಕ್ತಿಯೆಲ್ಲ ಅತ್ತ ಹರಿದು ಹೊಸ ಕಾಯಿ ಕಡಿಮೆಯಾಗುತ್ತವೆ. ಎಳೆಯದಿದ್ದಾಗಲೇ ಕಿತ್ತರೆ ಮತ್ತೆ ಮತ್ತೆ ಪ್ರಯತ್ನ ಮಾಡುತ್ತದೆ. ಅಂದರೆ ನೀವು ಎಷ್ಟು ಹರಿಯುತ್ತೀರೋ ಅಷ್ಟು ಬಿಡುತ್ತದೆ. ತೊಂದರೆಯೂ ಅದೇ.

ಇನ್ನೊಂದು ವಿಷಯ ಅದೇ ಆರು ವಾರದಲ್ಲಿ ಗಮನಕ್ಕೆ ಬಂತು. ಹೀರಿಯ ಹೂವು ಅರಳುವುದು ಸಂಜೆ. ನನ್ನ ಕಡೆಯ ಮೀಟಿಂಗ್ ಮುಗಿಸಿ ಲ್ಯಾಪ್‌ಟಾಪ್ ಮುಚ್ಚಿ ಹಿತ್ತಲಿಗೆ ಹೋದರೆ, ಮಧ್ಯಾಹ್ನ ಮುದುಡಿಕೊಂಡಿದ್ದ ಹಳದಿ ಹೂಗಳೆಲ್ಲ ಮಬ್ಬಿನಲ್ಲಿ ಅರಳಿಕೊಂಡಿರುತ್ತಿದ್ದವು. ಅದರ ತಂಗಿ ತುಪ್ಪದ ಹೀರಿ ಮಾತ್ರ ಬೆಳಿಗ್ಗೆ ಅರಳುವುದು. ಒಂದೇ ಚಪ್ಪರದಲ್ಲಿ ಎರಡು ಶಿಫ್ಟು.

ಅವ್ವ ಅಡುಗೆಮನೆಯ ಬಾಗಿಲಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಕೈಯನ್ನು ಜೋಳಿಗೆಯಲ್ಲಿಟ್ಟುಕೊಂಡು, ಹುಕುಂ ಕೊಡಲು ಶುರು ಮಾಡಿದಳು. ಒಂದು ವಾರ ಕಳೆಯುವುದರೊಳಗೆ ನನಗೆ ಗೊತ್ತಾದದ್ದು ಇಷ್ಟು: ಆಕೆ ಹೇಳುವುದು ಬಿಡಿ ಬಿಡಿ ರೆಸಿಪಿಗಳಲ್ಲ. ರಾಶಿ ಬಿದ್ದ ಕಾಯಿಪಲ್ಯವನ್ನು ಸಂಭಾಳಿಸಲು ನಮ್ಮ ಕಡೆಯ ಅಡುಗೆಗೆ ತನ್ನದೇ ಒಂದು ಪದ್ಧತಿ ಇದೆ, ಮೆಟ್ಟಿಲು ಮೆಟ್ಟಿಲಾಗಿ.

ಮೊದಲನೆಯದು, ಹಸಿದೇ ತಿನ್ನುವುದು. ಹರಿದು ತಂದ ಹೊತ್ತಿಗೇ ತಿಂದು ಮುಗಿಸಬೇಕಾದದ್ದನ್ನು ಒಲೆಗೆ ಇಡುವುದೇ ಇಲ್ಲ. ಎಳೆ ಮೆಂತೆ ತಪ್ಪಲನ್ನು ಸಣ್ಣಗೆ ಹೆಚ್ಚಿ, ಉಳ್ಳಾಗಡ್ಡಿ, ಶೇಂಗಾಪುಡಿ, ಉಪ್ಪು, ಒಂದು ಚಮಚ ಹಸಿ ಎಣ್ಣೆ, ಲಿಂಬಿಹುಳಿ ಹಾಕಿ ಕಲಸಿದರೆ ಪಚಡಿ. ಹತ್ತರಕಿ ಪಲ್ಯಕ್ಕೆ ಅಷ್ಟೂ ಬೇಡ, ತೊಳೆದು ರೊಟ್ಟಿಯ ಬದಿಗೆ ಇಟ್ಟರೆ ಮುಗಿಯಿತು. ಪೇಟೆಯ ಹೋಟೆಲುಗಳಲ್ಲಿ ಇದನ್ನೇ ಬಟ್ಟಲಿಗೆ ಹಾಕಿ ಸಲಾಡ್ ಅಂತ ಮುನ್ನೂರು ರೂಪಾಯಿ ಇಸಿದುಕೊಳ್ಳುತ್ತಾರೆ. ಸವತಿಕಾಯಿಗೆ ಮಾತ್ರ ಒಂದು ಪರೀಕ್ಷೆ ಕಡ್ಡಾಯ. ತುದಿ ಕೊಯ್ದು ನಾಲಿಗೆಗೆ ಮುಟ್ಟಿಸಿ ನೋಡಬೇಕು. ಹೀರಿಗೂ, ಸೋರೆಗೂ ಅದೇ ನಿಯಮ. ಹಾಗಲಕಾಯಿ ಕಹಿ ಇರಬೇಕು, ಉಳಿದ ಬಳ್ಳಿಯ ಕಾಯಿಗಳು ಕಹಿ ಇರಬಾರದು. ಕಹಿಯಾದ ಸೋರೆಕಾಯಿ ನಿಜಕ್ಕೂ ವಿಷದಂತೆ ಕೆಲಸ ಮಾಡಬಲ್ಲದು, ಬೇಯಿಸಿದರೂ ಆ ಅಂಶ ಹೋಗುವುದಿಲ್ಲ. "ಬೆಲ್ಲ ಹಾಕಿ ಮುಚ್ಚಬ್ಯಾಡ, ತಿಪ್ಪಿಗೆ ಒಗಿ" ಎಂಬುದು ಅವ್ವನ ಕಾನೂನು.

ಎರಡನೆಯದು, ಹಿಟ್ಟು. ಒಂದು ಮರ ತಪ್ಪಲು ಬೆಂದರೆ ಒಂದು ಹಿಡಿ ಆಗುತ್ತದೆ, ಗೊತ್ತಲ್ಲ? ಅದಕ್ಕೆ ಕಾಳೋ ನುಚ್ಚೋ ಹಿಟ್ಟೋ ಸೇರಿಸಿದರೆ ಹೊಟ್ಟೆ ತುಂಬುವ ಪಲ್ಯ. ಪುಂಡಿಪಲ್ಯಕ್ಕೆ ಜೋಳದ ನುಚ್ಚು, ಹಸಿಮೆಣಸಿನಕಾಯಿ, ಕೈ ಬಿಚ್ಚಿ ಬಳ್ಳೊಳ್ಳಿ, ಮೇಲೆ ಕುಸುಬಿ ಎಣ್ಣೆಯ ಒಗ್ಗರಣೆ. ಮೆಂತೆಗೆ ಕಡಲೆಹಿಟ್ಟು ಉದುರಿಸಿದರೆ ಹಿಟ್ಟಿನ ಪಲ್ಯ. ಸಬ್ಬಸಗಿಗೆ ಹೆಸರಬ್ಯಾಳಿ. ಮೂರನೆಯದು, ಏನನ್ನೂ ಒಗೆಯದಿರುವುದು. ಹೀರಿಕಾಯಿಯ ಏಣುಗಳನ್ನು ಹೆರೆದ ಸಿಪ್ಪೆ ಎಣ್ಣೆಯಲ್ಲಿ ಹುರಿದು, ಎಳ್ಳು, ಹುಣಸಿಹಣ್ಣು, ಬೆಲ್ಲ, ಹಸಿಮೆಣಸಿನಕಾಯಿ ಕೂಡಿಸಿ ರುಬ್ಬಿದರೆ ಚಟ್ನಿ. ಕಾಯಿಗಿಂತ ಸಿಪ್ಪೆಯ ಚಟ್ನಿಗೇ ನಮ್ಮನೆಯಲ್ಲಿ ಗಿರಾಕಿ ಹೆಚ್ಚು.

ಇಷ್ಟಾದರೂ ಉಳಿಯುತ್ತದೆ. ಆಗ ನಾಲ್ಕನೆಯ ಮೆಟ್ಟಿಲು: ಮನೆಯಿಂದ ಹೊರಗೆ.

ಒಣಗಿಸಿ ಇಡಬಹುದಲ್ಲ ಅಂತ ನಾನೂ ಕೇಳಿದ್ದೆ. ನಮ್ಮ ಕಡೆ ಒಣಗಿಸುವ ಕಲೆಗೆ ಏನು ಕಡಿಮೆ? ಚವಳಿಕಾಯಿ, ಹಾಗಲಕಾಯಿ, ಮಜ್ಜಿಗೆ ಮೆಣಸಿನಕಾಯಿ, ಕುಂಬಳಕಾಯಿ ಸಂಡಿಗೆ, ಮಾಳಿಗೆಯ ಮೇಲೆ ಹಾಸಿದ್ದೇ ಹಾಸಿದ್ದು. ಅವ್ವ ಕಿಟಕಿಯ ಕಡೆ ತೋರಿಸಿದಳು. ಹೊರಗೆ ಒಂಬತ್ತನೇ ದಿನದ ಜಿಟಿಜಿಟಿ ಮಳೆ. "ಬಿಸಲ ಎಲ್ಲೈತಿ ತಮ್ಮಾ?"

ಆ ಒಂದು ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಬೇಸಿಗೆಯಲ್ಲಿ ಬಿಸಿಲು ಇರುತ್ತದೆ, ಕಾಯಿಪಲ್ಯ ಕಡಿಮೆ. ಭಾದ್ರಪದದಲ್ಲಿ ಕಾಯಿಪಲ್ಯ ಸುರಿಯುತ್ತದೆ, ಬಿಸಿಲು ಇಲ್ಲ. ಜೋಳವನ್ನು ಹಗೇವಿನಲ್ಲಿ ಹಾಕಿ ವರ್ಷಗಟ್ಟಲೆ ಇಡಬಹುದು, ಶೇಂಗಾ ಚೀಲದಲ್ಲಿ ಇಡಬಹುದು. ಹೀರಿಕಾಯಿಯನ್ನು ಏನು ಮಾಡುತ್ತೀರಿ? ಫ್ರಿಜ್ ಇಲ್ಲದ ಕಾಲದಲ್ಲಿ ಇದು ಕೂಡಿಡಲು ಬಾರದ ಬೆಳೆ. ಇವತ್ತಿಗೆ ತಿನ್ನಬೇಕು, ಇಲ್ಲವೇ ಇವತ್ತೇ ಯಾರಿಗಾದರೂ ಕೊಡಬೇಕು. ನಮ್ಮ ಓಣಿಗಳಲ್ಲಿ ಡಬ್ಬಿ, ಬಟ್ಟಲು, ಮುಚ್ಚಿದ ತಾಟು ಓಡಾಡುವ ಪದ್ಧತಿಯನ್ನು ಬರೀ ಒಳ್ಳೆಯತನ ಅಂದುಕೊಂಡಿದ್ದೆ. ಅದರ ಹಿಂದೆ ಇಂಥ ಲೆಕ್ಕವೂ ಇದ್ದೀತು. ಕೂಡಿಡಲಾಗದ ಬೆಳೆಯನ್ನು ಮಂದಿಯಲ್ಲಿ ಕೂಡಿಟ್ಟಿದ್ದಾರೆ.

ನಮ್ಮ ಅವ್ವನ ಡಬ್ಬಿಗಳ ರೂಟು ನನಗೆ ಗೊತ್ತಾದದ್ದೂ ಆಗಲೇ, ಯಾಕೆಂದರೆ ಈಗ ಡೆಲಿವರಿ ಹುಡುಗ ನಾನೇ. ಬಲಗಡೆ ಮನೆಯ ಕಾಕು, ಎದುರಿನ ಮನೆಯ ಟೀಚರು, ಓಣಿಯ ಕೊನೆಯ ಖಾಲಾ, ಮೂಲೆಯ ಇಸ್ತ್ರಿ ಅಂಗಡಿ. ಖಾಲಾಗೆ ಪುಂಡಿಯೇ ಆಗಬೇಕು, ಅವರ ಮನೆಯಲ್ಲಿ ಅದು ಅಂಬಾಡಿ. ಅದರ ಹುಳಿಯಲ್ಲಿ ಅವರು ಮಾಂಸ ಬೇಯಿಸುತ್ತಾರೆ, ನಾವು ನುಚ್ಚು ಬೇಯಿಸುತ್ತೇವೆ. ವಾಪಸ್ ಡಬ್ಬಿಯಲ್ಲಿ ಅವರ ಕುಂಡದ ಪುದೀನ ಬರುತ್ತದೆ. ಕಾಕು ಗಣೇಶ ಚೌತಿಯ ದಿನವೇ ಹೇಳಿ ಕಳಿಸಿದ್ದರು: "ನಾಳೆ ಋಷಿಪಂಚಮಿ, ನಿಮ್ಮ ಹಿತ್ತಲದ್ದು ಏನ ಇದ್ದರೂ ಕೊಡ್ರಿ." ಆ ದಿನ ವ್ರತ ಹಿಡಿದ ಹೆಣ್ಣುಮಕ್ಕಳು ಎತ್ತಿನ ದುಡಿಮೆಯಿಂದ ಬೆಳೆದದ್ದನ್ನು ತಿನ್ನುವುದಿಲ್ಲ. ನೇಗಿಲು ಮುಟ್ಟದ ನೆಲದ್ದೇ ಆಗಬೇಕು. ಮಹಾರಾಷ್ಟ್ರದಲ್ಲಿ ಅವತ್ತು ಹೀಗೆ ಬೆಳೆದ ಹತ್ತಾರು ಕಾಯಿ, ಸೊಪ್ಪು, ಗಡ್ಡೆಗಳನ್ನು ಒಂದೇ ಪಾತ್ರೆಯಲ್ಲಿ ಬೇಯಿಸಿ ಋಷಿ ಭಾಜಿ ಮಾಡುತ್ತಾರೆ. ಸೂಪರ್ ಮಾರ್ಕೆಟಿನಲ್ಲಿ ಕೊಂಡ ಹೀರಿಕಾಯಿ ಯಾರ ಹೊಲದ್ದೋ, ಯಾವ ಎತ್ತು ದುಡಿದದ್ದೋ. ನಮ್ಮ ಹಿತ್ತಲಿಗೆ ಮಾತ್ರ ಕಾಕುವಿನ ಗ್ಯಾರಂಟಿ ಇದೆ. ನಮ್ಮಲ್ಲಿ ಆ ವ್ರತ ಇಲ್ಲ, ಆದರೆ ಆ ವ್ರತಕ್ಕೆ ಬೇಕಾದ ಕಾಯಿಪಲ್ಯ ಪ್ರತಿ ವರ್ಷ ನಮ್ಮಲ್ಲಿಂದಲೇ ಹೋಗುತ್ತದೆ.

ಗಣಪ್ಪ ಹೋಗುವ ಮೊದಲೇ ಜೋಕುಮಾರ ಬಂದ. ಬುಟ್ಟಿಯಲ್ಲಿ ಬೇವಿನ ತಪ್ಪಲ ನಡುವೆ ಕೂತು, ಹೆಣ್ಣುಮಕ್ಕಳ ತಲೆಯ ಮೇಲೆ ಮನೆಮನೆ ತಿರುಗುವ ಮಳೆ-ಬೆಳೆಯ ದೇವರು. ನಮ್ಮ ಓಣಿಗೆ ಇನ್ನೂ ಬರುತ್ತಾನೆ. ಮರದಲ್ಲಿ ಜೋಳ ಹಾಕಿ ಕೊಟ್ಟರೆ, ಹಾಡು ಹೇಳಿದ ಮೇಲೆ ಅದೇ ಮರದಲ್ಲಿ ಒಂದಿಷ್ಟು ನುಚ್ಚು, ಬೇವಿನೆಲೆ ಹಾಕಿ ತಿರುಗಿ ಕೊಡುತ್ತಾರೆ. ಖಾಲಿ ಮರ ಕೊಡುವುದಿಲ್ಲ. ದೇವರಿಗೂ ಡಬ್ಬಿಯ ನಿಯಮ ಬಿಟ್ಟಿಲ್ಲ.

ನನ್ನ ಕೊಡುಗೆ ಅಂತ ಏನಾದರೂ ಇದ್ದರೆ ಅದು ಒಲೆಯದ್ದಲ್ಲ, ಓವನ್ನಿನದು. ಬೆಂಗಳೂರಿನ ಬಾಡಿಗೆ ಮನೆಯಿಂದ ಹೊತ್ತು ತಂದಿದ್ದ ಓಟಿಜಿ ಎರಡು ವರ್ಷದಿಂದ ಅಟ್ಟದ ಮೇಲಿತ್ತು. ಅದನ್ನು ಇಳಿಸಿದೆ. ನೀವು ಅಯ್ಯಂಗಾರ್ ಬೇಕರಿಯ ಖಾರಾ ಬನ್ ತಿಂದಿದ್ದರೆ ಅದರ ವಾಸನೆ ಯಾವುದರದ್ದು ಅಂತ ನೆನಪು ಮಾಡಿಕೊಳ್ಳಿ. ಸಬ್ಬಸಗಿಯದ್ದು. ನಮ್ಮ ಹಿತ್ತಲಲ್ಲಿ ಒಂದು ಮಡಿ ಪೂರ್ತಿ ನಿಂತು ಹೂ ಬಿಡಲು ಸಜ್ಜಾಗಿತ್ತು. ಒಮ್ಮೆ ಹೂ ಬಿಟ್ಟಿತೆಂದರೆ ಎಲೆ ಕಡಿಮೆಯಾಗುತ್ತದೆ.

ಅಳತೆ ಬೇಕಾದವರಿಗೆ: ಎರಡು ಎಳೆ ಹೀರಿಕಾಯಿ ತುರಿದು ಅರ್ಧ ಚಮಚ ಉಪ್ಪು ಬೆರೆಸಿ ಇಪ್ಪತ್ತು ನಿಮಿಷ ಬಿಡಿ. ಉಪ್ಪು ನೀರನ್ನು ಹೊರಗೆ ಎಳೆಯುತ್ತದೆ. ತೆಳು ಬಟ್ಟೆಯಲ್ಲಿ ಹಿಂಡಿ, ನೀರನ್ನು ಚೆಲ್ಲಬೇಡಿ. 250 ಗ್ರಾಂ ಮೈದಾ, 50 ಗ್ರಾಂ ಜೋಳದ ಹಿಟ್ಟು, ಒಂದು ಟೀ ಚಮಚ ಇನ್‌ಸ್ಟಂಟ್ ಯೀಸ್ಟ್, ಒಂದು ದೊಡ್ಡ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡು ದೊಡ್ಡ ಚಮಚ ಎಣ್ಣೆ. ಹಿಂಡಿದ ನೀರಿಗೆ ಉಗುರುಬೆಚ್ಚಗಿನ ಹಾಲು ಕೂಡಿಸಿ 180 ಮಿಲಿ ಮಾಡಿಕೊಂಡು, ಒಮ್ಮೆಲೇ ಸುರಿಯದೆ ನೋಡಿ ನೋಡಿ ಹಾಕುತ್ತ ಹತ್ತು ನಿಮಿಷ ನಾದಿ. ಕೊನೆಗೆ ತುರಿ, ಎರಡು ಹಿಡಿ ಹೆಚ್ಚಿದ ಸಬ್ಬಸಗಿ, ಒಂದು ಉಳ್ಳಾಗಡ್ಡಿ, ನಾಲ್ಕು ಹಸಿಮೆಣಸಿನಕಾಯಿ. ಪುಸ್ತಕದಲ್ಲಿ ಒಂದು ತಾಸು ಉಬ್ಬಲು ಬಿಡಿ ಅಂತ ಇರುತ್ತದೆ. ಧಾರವಾಡದ ಮಳೆಗಾಲದ ಥಂಡಿಗೆ ಒಂದೂವರೆ ತಾಸು ಬೇಕು. ಎಂಟು ಉಂಡೆ ಮಾಡಿ, ಮತ್ತೆ ಅರ್ಧ ತಾಸು ಬಿಟ್ಟು, 190 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ.

ನಾನು ನಾದುವುದನ್ನು ಅವ್ವ ಕುರ್ಚಿಯಿಂದ ನೋಡುತ್ತಿದ್ದಳು. "ಎಳದಷ್ಟು ಬರತದಲ್ಲ ಇದು. ಜ್ವಾಳ ಹಂಗಲ್ಲ, ಅದಕ್ಕ ಸೊಕ್ಕ ಭಾಳ." ಗೋಧಿಯಲ್ಲಿ ಗ್ಲುಟೆನ್ ಇದೆ, ನಾದಿದಷ್ಟೂ ಬಲೆಯ ಹಾಗೆ ಹೆಣೆದುಕೊಳ್ಳುತ್ತದೆ, ಯೀಸ್ಟಿನ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಜೋಳದಲ್ಲಿ ಅದಿಲ್ಲ. ಅದಕ್ಕೇ ಕುದಿಯುವ ಎಸರು ಹಾಕಿ ಹಿಟ್ಟಿಗೆ ಜಿಗಿ ಬರಿಸಬೇಕು, ಬಿಸಿ ಇರುವಾಗಲೇ ನಾದಬೇಕು, ಲಟ್ಟಿಸಿದರೆ ಹರಿಯುತ್ತದೆ ಅಂತ ಅಂಗೈಯಲ್ಲಿ ತಟ್ಟಿ ತಿರುಗಿಸುತ್ತ ದೊಡ್ಡದು ಮಾಡಬೇಕು. ಹಿಟ್ಟಿನಲ್ಲಿ ಇಲ್ಲದ್ದನ್ನೆಲ್ಲ ಕೈ ತುಂಬಿಕೊಡಬೇಕು. ಅದೂ ಬಲಗೈ, ಅದೂ ಮಣಿಕಟ್ಟು.

ಇದನ್ನು ಇಬ್ಬರೂ ಒಂದೇ ಹೊತ್ತಿಗೆ ಯೋಚಿಸಿದೆವು ಅಂತ ಕಾಣುತ್ತದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವ್ವ, "ಓವನ್ನ ಹಚ್ಚಿಯೇನ? ಕರೆಂಟ್ ಹೋದೀತು" ಅಂದಳು.

ಬನ್ನು ಓಣಿಯಲ್ಲಿ ಗೆದ್ದಿತು. ಇಸ್ತ್ರಿ ಅಂಗಡಿಯವರು ಚಹಾದ ಜೊತೆ ತಿಂದು, ಯಾವ ಬೇಕರಿಯದ್ದು ಅಂತ ಕೇಳಿದರು. ಟೀಚರಮ್ಮ ಮೊಟ್ಟೆ ಹಾಕಿಲ್ಲ ಅಂತ ಎರಡು ಸಲ ಖಾತ್ರಿ ಮಾಡಿಕೊಂಡು ನಾಲ್ಕು ಇಟ್ಟುಕೊಂಡರು. ಹುಬ್ಬಳ್ಳಿಯ ವಿದ್ಯಾನಗರದ ಗೆಳೆಯನಿಗೆ ಅಂತ ಒಂದು ಡಬ್ಬಿ ಬನ್ನು, ಒಂದು ಚೀಲ ಹೀರಿಕಾಯಿ, ಎರಡು ಸೂಡು ಸಬ್ಬಸಗಿ ಹಿಡಿದು ಜುಬಿಲಿ ಸರ್ಕಲ್ಲಿನಲ್ಲಿ ಚಿಗರಿ ಬಸ್ ಹತ್ತಿದೆ. ಎಸಿ ಬಸ್ಸು, ಗಾಜೆಲ್ಲ ಬಂದ್. ನವಲೂರು ದಾಟುವುದರೊಳಗೆ ಇಡೀ ಬಸ್ಸು ಸಬ್ಬಸಗಿ ನಾರತೊಡಗಿತು. ಪಕ್ಕದ ಸೀಟಿನ ಅಜ್ಜಿ ತಿರುಗಿ, "ಎಷ್ಟಕ್ಕ ಸೂಡು ತಮ್ಮಾ?" ಅಂದರು. ಮನೆಯದ್ದು ಅಂದೆ. ಒಂದು ಸೂಡು ಕೊಟ್ಟೆ. ಇಳಿಯುವಾಗ ಅವರು ತಮ್ಮ ಚೀಲದಿಂದ ಎರಡು ಪ್ಯಾರಲ ಹಣ್ಣು ತೆಗೆದು ನನ್ನ ಕೈಗೆ ತುರುಕಿ ಹೋದರು. ಹೆಸರು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಇಷ್ಟು ಹೊತ್ತು ಹೊರಗೆ ಹೋದದ್ದನ್ನೇ ಹೇಳಿದೆ. ಒಳಗೆ ಬಂದದ್ದನ್ನು ಹೇಳದಿದ್ದರೆ ಲೆಕ್ಕ ಪೂರ್ತಿ ಆಗುವುದಿಲ್ಲ.

ಪ್ಲಾಸ್ಟರ್ ಹಾಕಿದ ಮೂರನೇ ದಿನ ಎದುರಿನ ಟೀಚರಮ್ಮನ ಮನೆಯಿಂದ ಬಟ್ಟೆಯಲ್ಲಿ ಸುತ್ತಿದ ಆರು ಬಿಸಿ ಜೋಳದ ರೊಟ್ಟಿ ಬಂದವು. ಮರುದಿನ ಮಧ್ಯಾಹ್ನ ಅವರ ತಂಗಿಯ ಮನೆಯಿಂದ. ಅದರ ಮರುದಿನ ಕಾಕು ಚಪಾತಿ, ಮೇಲೆ ಒಂದು ಬಟ್ಟಲು ಪಾತೋಳಿ. ಶುಕ್ರವಾರ ಖಾಲಾ. ಯಾರೂ ಯಾರಿಗೂ ಪಟ್ಟಿ ಮಾಡಿಕೊಟ್ಟಿರಲಿಲ್ಲ, ವಾಟ್ಸಾಪ್ ಗ್ರೂಪ್ ಇರಲಿಲ್ಲ. ಆದರೂ ಒಂದೇ ದಿನ ಎರಡು ಮನೆಯ ರೊಟ್ಟಿ ಬಂದದ್ದು ಆರು ವಾರದಲ್ಲಿ ಒಮ್ಮೆಯೋ ಎರಡು ಸಲವೋ ಅಷ್ಟೇ. ರೊಟ್ಟಿ ಈಗ ಅಂಗಡಿಯಲ್ಲೂ ಸಿಗುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಿ ತಟ್ಟಿ ಮಾರುವ ಎಷ್ಟೋ ಹೆಣ್ಣುಮಕ್ಕಳ ಮನೆತನ ಅದರ ಮೇಲೆಯೇ ನಡೆದಿದೆ. ನಾನು ದಿನಾ ತರಲು ತಯಾರಿದ್ದೆ. "ಬ್ಯಾಡ ಬಿಡ್ರಿ, ನಿಮಗ್ಯಾಕ ತ್ರಾಸು" ಅಂತ ಒಂದು ಸಲ ಟೀಚರಮ್ಮನಿಗೆ ಹೇಳಿಯೂ ನೋಡಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀ ಸುಮ್ಮನ ಡಬ್ಬಿ ಒಳಗ ಒಯ್ಯಿ" ಅಂದರು.

ಆ ರಾತ್ರಿ ಊಟಕ್ಕೆ ಕೂತಾಗ ಅವ್ವ ಎಡಗೈಯಲ್ಲಿ ರೊಟ್ಟಿ ಮುರಿಯುತ್ತ ಅಂದಳು, "ಇಷ್ಟ ವರ್ಷ ಕೊಟ್ಟ ಹೀರಿಕಾಯಿ ಈಗ ರೊಟ್ಟಿ ಆಗಿ ಬರಾಕತ್ತಾವ ನೋಡು." ನಗುತ್ತಲೇ ಅಂದಳು. ನನಗೆ ಮಾತ್ರ ನಗು ಬರಲಿಲ್ಲ. ಯಾಕೆಂದರೆ ನಾನು ಮನಸ್ಸಿನಲ್ಲೇ ಇನ್ನೊಂದು ಲೆಕ್ಕ ಹಾಕುತ್ತಿದ್ದೆ. ಮುಂದಿನ ವರ್ಷ ಹಿತ್ತಲಿಗೆ ಫರಸಿ ಬಿದ್ದರೆ ಅವ್ವ ಯಾರಿಗೆ ಏನು ಕಳಿಸುತ್ತಾಳೆ? ಏನೂ ಕಳಿಸದ ಮನೆಗೆ ಓಣಿಯವರು ರೊಟ್ಟಿ ನಿಲ್ಲಿಸುವುದಿಲ್ಲ, ಅದು ನನಗೆ ಗೊತ್ತು. ಆದರೆ ಅವ್ವ ಇಸಿದುಕೊಳ್ಳುವುದನ್ನು ನಿಲ್ಲಿಸುತ್ತಾಳೆ. ಅದೂ ಗೊತ್ತು. ಒಂಟಿ ಇರುವ ಹಿರಿಯರು ಮನೆಯ ಬಾಗಿಲನ್ನು ಒಮ್ಮೆಲೇ ಮುಚ್ಚುವುದಿಲ್ಲ. ಕೊಡಲಿಕ್ಕೆ ಏನೂ ಇಲ್ಲ ಅನ್ನಿಸತೊಡಗಿದ ದಿನದಿಂದ ಸ್ವಲ್ಪ ಸ್ವಲ್ಪವೇ ಮುಚ್ಚುತ್ತಾರೆ. ನನ್ನ ಕಂಪನಿ ನಾಳೆ ಎಲ್ಲರೂ ಬೆಂಗಳೂರಿಗೆ ಬನ್ನಿ ಅಂದರೆ, ಈ ಮನೆಯಲ್ಲಿ ಅವ್ವ ಒಬ್ಬಳೇ.

ಸೆಪ್ಟೆಂಬರಿನಲ್ಲಿ ಕೃಷಿ ಮೇಳ ಬಂತು. 1986ರಲ್ಲಿ ಶುರುವಾದ ನಮ್ಮ ಕೃಷಿ ವಿಶ್ವವಿದ್ಯಾಲಯ ನಡೆಸುವ ಜಾತ್ರೆ ಅದು. ಸುತ್ತಲಿನ ಜಿಲ್ಲೆಗಳ ರೈತರು ಟ್ರ್ಯಾಕ್ಸು, ಟೆಂಪೋ ಹತ್ತಿ ಬರುತ್ತಾರೆ. ಅವ್ವ ಪ್ರತಿ ವರ್ಷ ಹೋಗುವವಳು. ಈ ಸಲ ಕೇಳುವುದೇ ಬೇಡ ಅಂತ ನಾನು ಸುಮ್ಮನಿದ್ದೆ. ಆಕೆಯೇ ಬೆಳಿಗ್ಗೆ ಇಳಕಲ್ ಸೀರೆ ಉಟ್ಟು, ಕಾಕುವಿನ ಕೈಲಿ ಸೆರಗು ಸರಿ ಮಾಡಿಸಿಕೊಂಡು, ಜೋಳಿಗೆಯಲ್ಲಿ ಕೈ ಇಟ್ಟುಕೊಂಡು ತಯಾರಾಗಿ ನಿಂತಿದ್ದಳು. "ಸುಮ್ಮನ ನೋಡಿ ಬರೋಣ." ಕೆಸರು, ಗದ್ದಲ, ಮಿರ್ಚಿ ಭಜಿ. ಟ್ರ್ಯಾಕ್ಟರುಗಳನ್ನು ದಾಟಿ ಬೀಜದ ಮಳಿಗೆ ಮುಂದೆ ನಿಂತಳು. ನಿಂತವಳು ಚವಳಿ ಬೀಜದ ಪಾಕೀಟು ಎತ್ತಿ, ತಿರುಗಿಸಿ ನೋಡಿ, ಬೀಜ ಎಷ್ಟು ದಿನ ತಾಳುತ್ತದೆ ಅಂತ ಅಲ್ಲಿದ್ದವರನ್ನು ಕೇಳಿದಳು. "ತಂಪಿನ್ಯಾಗ ಒಣಾ ಇಟ್ಟರ ಮುಂದಿನ ಮುಂಗಾರಿಗೆ ಏನೂ ಆಗಂಗಿಲ್ರಿ" ಅಂದರು. ಅವ್ವ ನನ್ನ ಮುಖ ನೋಡದೆ ರೊಕ್ಕ ಕೊಡು ಅಂತ ಕೈಸನ್ನೆ ಮಾಡಿದಳು.

ಸೆಪ್ಟೆಂಬರ್ ಕೊನೆಗೆ ಪ್ಲಾಸ್ಟರ್ ತೆಗೆದರು. ಎಲುಬು ಕೂಡಿದೆ, ಆದರೆ ಮಣಿಕಟ್ಟು ಮೊದಲಿನಷ್ಟು ತಿರುಗುವುದಿಲ್ಲ. ಫಿಜಿಯೋಥೆರಪಿಯ ಹುಡುಗಿ ಮೆತ್ತನೆಯ ಚೆಂಡು ಕೊಟ್ಟು ಹಿಚುಕಲು ಹೇಳಿದಳು, ಮೆತ್ತಗಿನ ಹಿಟ್ಟು ನಾದಿದರೂ ಒಳ್ಳೆಯದು ಅಂದಳು. ಚೆಂಡನ್ನು ಅವ್ವ ಎರಡನೇ ದಿನ ಕಪಾಟಿನಲ್ಲಿಟ್ಟಳು. ಬನ್ನಿನ ಹಿಟ್ಟನ್ನು ಮಾತ್ರ ಎಳೆದುಕೊಂಡಳು. ದಿನಾ ಸಂಜೆ ಕಾಲು ತಾಸು, ತಾಟಿನಲ್ಲಿ ಹಿಟ್ಟು ಒತ್ತುತ್ತ, ಮಡಚುತ್ತ, ತಿರುಗಿಸುತ್ತ. ಮೈದಾ ಎಳೆದಷ್ಟು ಬರುತ್ತದೆ, ನೋವಾದರೆ ಬಿಟ್ಟರೂ ಸಿಟ್ಟಾಗುವುದಿಲ್ಲ. ಜೋಳದ ಹಿಟ್ಟನ್ನು ಒಂದು ದಿನ ಎಸರು ಹಾಕಿ ಕಲಸಿ ನೋಡಿದಳು. ತಟ್ಟಲು ಆಗಲಿಲ್ಲ. ಪರಾತವನ್ನು ಪಕ್ಕಕ್ಕೆ ಸರಿಸಿ, ಅದಕ್ಕೆ ಉಳ್ಳಾಗಡ್ಡಿ, ಸವತಿಕಾಯಿ ತುರಿ, ಉಪ್ಪು, ಖಾರ ಹಾಕಿ, ಎಣ್ಣೆ ಹಚ್ಚಿದ ಬಟ್ಟೆಯ ಮೇಲೆ ಬೆರಳಲ್ಲೇ ಒತ್ತಿ ಥಾಲಿಪೆಟ್ಟು ಮಾಡಿದಳು. ಆ ದಿನ ನಮ್ಮ ಮನೆಯಲ್ಲಿ ರೊಟ್ಟಿ ತಟ್ಟುವ ಸಪ್ಪಳ ಕೇಳಲಿಲ್ಲ. ಈಗಲೂ ಕೇಳುವುದಿಲ್ಲ. ಅದನ್ನು ಸಣ್ಣ ವಿಷಯ ಅಂತ ಹೇಳಲು ನನಗೆ ಬರುವುದಿಲ್ಲ.

ದಸರಾಕ್ಕೆ ಅಕ್ಕ ಬಂದಳು. ಫರಸಿಯವನ ನಂಬರ್ ಹುಡುಕಿಕೊಂಡೇ ಬಂದಿದ್ದಳು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಮತ್ತೊಮ್ಮೆ ಬಿದ್ದರೆ ಸೊಂಟ, ಆಮೇಲೆ ಏನು? ಅವಳನ್ನು ಹಿತ್ತಲಿಗೆ ಕರೆದೊಯ್ದೆ. ಅವ್ವ ಬಿದ್ದ ಜಾಗ ತೋರಿಸಿದೆ. ಅಪಾಯ ಇದ್ದದ್ದು ಬಾಗಿಲಿನಿಂದ ನಲ್ಲಿಯವರೆಗೆ, ನಲ್ಲಿಯಿಂದ ಚಪ್ಪರದವರೆಗೆ. ಟೇಪು ಹಿಡಿದು ಅಳೆದೆವು. ಅಷ್ಟಕ್ಕೆ ಎರಡೂವರೆ ಅಡಿ ಅಗಲದ ದಾರಿ, ನುಣುಪಿಲ್ಲದ ಒರಟು ಕಲ್ಲು, ಒಂದು ಬದಿಗೆ ಹಿಡಿದುಕೊಳ್ಳಲು ಕಬ್ಬಿಣದ ಪೈಪು. ನಲ್ಲಿಯ ನೀರು ನಿಲ್ಲದ ಹಾಗೆ ಮುಳಗಾಯಿ ಮಡಿಗೆ ಒಂದು ಕಾಲುವೆ. ಉಳಿದ ಮಣ್ಣು ಮಣ್ಣಾಗಿಯೇ ಇರಲಿ. ಅಕ್ಕ ಬಹಳ ಹೊತ್ತು ನಿಂತು ನೋಡಿ, "ಪೈಪು ಎರಡೂ ಬದಿಗೆ ಹಾಕಿಸು" ಅಂದಳು. ಎರಡೂ ಬದಿಗೆ ಹಾಕಿಸಿದೆ. ಈಗ ಒಂದು ಬದಿಯ ಪೈಪನ್ನು ತೊಂಡೆ ಬಳ್ಳಿ ಹಿಡಿದಿದೆ.

ಶೀಗಿ ಹುಣ್ಣಿಮೆಗೆ ಸೋದರಮಾವನ ಹೊಲಕ್ಕೆ ಹೋದೆವು. ಅವತ್ತು ಭೂಮಿತಾಯಿ ಬಸುರಿ, ಬಯಕೆಯ ಊಟ ಬಡಿಸಬೇಕು. ಕಡುಬು, ಪುಂಡಿಪಲ್ಯ, ಮುಳಗಾಯಿ ಪಲ್ಯ, ಮೊಸರನ್ನ. ಬಡಿಸಿ ಉಳಿದದ್ದನ್ನು ಹೊಲದ ತುಂಬ ಚೆಲ್ಲುತ್ತ ಹೋಗುವುದಕ್ಕೆ ಚರಗ ಚೆಲ್ಲುವುದು ಅನ್ನುತ್ತಾರೆ. ಕೊಟ್ಟವಳಿಗೇ ತಿರುಗಿ ಕೊಡುವುದು. ಈ ಸಲದ ಬುಟ್ಟಿಯಲ್ಲಿ ನಾಲ್ಕು ಸಬ್ಬಸಗಿ ಬನ್ನೂ ಇದ್ದವು. "ಭೂಮಿತಾಯಿ ಮೈದಾ ತಿಂತಾಳೇನು?" ಅಂತ ಮಾವ ನಕ್ಕ. ಅವ್ವ ಒಂದು ಬನ್ನು ಮುರಿದು ಜೋಳದ ಸಾಲಿಗೆ ಎಸೆದಳು. ಎಸೆದದ್ದು ಬಲಗೈಯಲ್ಲಿ.

ಅಷ್ಟೊತ್ತಿಗೆ ಹಿತ್ತಲ ಬಳ್ಳಿಗಳು ಹಳದಿಯಾಗಿದ್ದವು. ಗುರುತಿಗೆ ಕೆಂಪು ದಾರ ಕಟ್ಟಿ ಹರಿಯದೆ ಬಿಟ್ಟಿದ್ದ ಮೂರು ಹೀರಿಕಾಯಿ ಒಣಗಿ ಗಿಲಗಿಲ ಅನ್ನತೊಡಗಿದ್ದವು. ತುದಿ ಮುರಿದು ಅಲ್ಲಾಡಿಸಿದರೆ ಕರೀ ಬೀಜ ಸುರಿಯುತ್ತವೆ, ಒಳಗಿನ ಜಾಲಿ ಪಾತ್ರೆ ತಿಕ್ಕಲು. ಬಿಸಿಲೂ ಬಂದಿತ್ತು. ಬೀಜಗಳನ್ನು ಎರಡು ದಿನ ಮರದಲ್ಲಿ ಹರವಿ, ಹಳೇ ಮದುವೆ ಪತ್ರಿಕೆಗಳ ಲಕೋಟೆಗಳಲ್ಲಿ ಪಾಲು ಮಾಡಿದಳು ಅವ್ವ. ಒಟ್ಟು ಆರು. ಮೇಲೆ ಹೆಸರು ಬರೆಯಲು ನಾನು ಪೆನ್ನು ತೆಗೆದುಕೊಂಡರೆ ಕಸಿದುಕೊಂಡಳು. ಬಲಗೈ ಇನ್ನೂ ಪೆನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ, ಎಡಗೈಯಲ್ಲೇ ಬರೆದಳು. ಕಾಕು. ಟೀಚರು. ಖಾಲಾ. ಇಸ್ತ್ರಿ ಅಂಗಡಿ. ಮನಿ. ಆರನೆಯದರ ಮೇಲೆ ಸೊಟ್ಟ ಸೊಟ್ಟ ಅಕ್ಷರದಲ್ಲಿ ಅಕ್ಕನ ಹೆಸರು. ಪುಣೆಯ ಎಂಟನೇ ಮಾಳಿಗೆಯಲ್ಲಿ ಅವಳಿಗೊಂದು ಬಾಲ್ಕನಿ ಇದೆ.

"ಬಾಲ್ಕನ್ಯಾಗ ಹೀರಿ ಬರತದೇನ?" ಅಂದೆ.

"ಬಂದರ ಬರಲಿ" ಅಂದಳು. "ಆಜುಬಾಜು ಮಂದಿ ಯಾರದಾರ ಅಂತರೆ ಗೊತ್ತಾಕ್ಕೈತಿ ಆಕಿಗೆ."